ಗದ್ದೆಪ್ಪನ ಬಾಯಲ್ಲಿ ನಿಂತ ಪಟ್ಟು

ದೇವದುರ್ಗದ ತಾಲೀಮಿನ ಮಣ್ಣಲ್ಲಿ ಹದಿನೈದು ವರ್ಷ ಹೊರಳಿದವನು ಗದ್ದೆಪ್ಪ. ರೈತ ಮೋಡ ನೋಡಿ ಮಳೆ ಹೇಳುವ ಹಾಗೆ, ಅವನು ಮೈ ನೋಡಿ ಕುಸ್ತಿ ಹೇಳುತ್ತಿದ್ದ. ಭುಜ ಎಳ್ಳಿನಷ್ಟು ಇಳಿದರೆ ಸಾಕು, ಮುಂದೆ ಯಾವ ಪಟ್ಟು ಬೀಳುತ್ತದೆಂದು ಅವನಿಗೆ ಗೊತ್ತು. ಆದರೆ ಎಪ್ಪತ್ತೊಂದನೆಯ ಇಸವಿಯಲ್ಲಿ, ರಾಯಚೂರಿನ ಕಣದಲ್ಲಿ, ಎಡ ಮೊಣಕಾಲು ಟಕ್ಕೆಂದು ಮುರಿಯಿತು. ಅಂದಿನಿಂದ ಅಷ್ಟೂ ವಿದ್ಯೆ ಹತ್ತಿ ಮಿಲ್ಲಿನಲ್ಲಿ ಮೂಟೆ ಕಾಯುತ್ತ ಕೂತುಬಿಟ್ಟಿತು. ಪ್ರೇಕ್ಷಕರ ನಡುವೆ ಕೂತು ಕುಸ್ತಿ ನೋಡಲು ಅವನ ಮನಸ್ಸು ಒಪ್ಪಲೇ ಇಲ್ಲ.

ಎಂಟು ವರ್ಷದ ಮೇಲೆ ಮಾನ್ವಿಯ ಮೈಕ್ ಸೆಟ್ ಮಾಲೀಕ ಜಿಲಾನಿ ಪಾಷಾ ಮನೆ ಹುಡುಕಿಕೊಂಡು ಬಂದ.

"ಪೈಲ್ವಾನ್, ಕುಸ್ತಿಗೆ ಕಾಮೆಂಟ್ರಿ ಹೇಳವರೇ ಇಲ್ಲ. ಕಾಲು ಹೋದ್ರ ಹೋಗ್ಲಿ, ಗಂಟಲು ಅದಲ್ಲ?"

ಗದ್ದೆಪ್ಪ ಪೆಟ್ಟಿಗೆಯ ತಳದಿಂದ ಗುಲಾಬಿ ರುಮಾಲು ತೆಗೆದು ಕೊಡವಿದ. ಮೈಕು ಹಿಡಿದರೆ ಮತ್ತೆ ಕಣದೊಳಗೆ ನಿಂತ ಹಾಗೆಯೇ.

ದೇವದುರ್ಗದಲ್ಲಿ, ಮೊದಲ ದಿನವೇ ಕೆಲಸ ಕೆಟ್ಟಿತು. "ನೋಡ್ರೀ, ಈಗ ಬಲಗೈ ಹಿಡದು ಧೋಬಿ ಪಟ್ಟು ಹಾಕ್ತಾನ!" ಎಂದು ಗದ್ದೆಪ್ಪ ಕೂಗಿದ. ಎದುರಾಳಿಗೂ ಕಿವಿಯಿತ್ತಲ್ಲ, ಕೈ ಸರಕ್ಕನೆ ಎಳೆದುಕೊಂಡ. ಎರಡನೆಯ ಜೋಡಿಗೂ ಅದೇ ಗತಿ. ಮೂರನೆಯ ಜೋಡಿಯಂತೂ ಕುಸ್ತಿ ಬಿಟ್ಟು ಲೌಡ್‌ಸ್ಪೀಕರಿನ ಕಡೆ ಕಿವಿಗೊಟ್ಟು ನಿಂತಿತು.

"ಒಬ್ಬನ ಮ್ಯಾಲೆ ಇಬ್ಬರು ಬಿದ್ದಾರಲೇ! ಮೈಕಿನವಗೂ ಲಂಗೋಟಿ ಕಟ್ಟಸ್ರೋ!" ಎಂದು ಜನ ಕೇಕೆ ಹಾಕಿದರು.

ಕುಸ್ತಿ ನಡೆಸುವ ಪಂಚರಲ್ಲಿ ಹಿರಿಯನಾದ ಹಂಪಯ್ಯ ಪಕ್ಕಕ್ಕೆ ಕರೆದು, "ಬರೋ ವಾರ ಮಾನ್ವಿಯೊಳಗ ಇನ್ನೊಂದು ಸಲ ನೋಡ್ತೀನಿ, ಗದ್ದೆಪ್ಪಾ. ಅಲ್ಲೂ ನಿನ್ನ ಬಾಯಿ ಮುಂದ ಓಡಿದ್ರ ಮೈಕು ಬ್ಯಾರೆಯವರಿಗೆ," ಎಂದ.

ಗದ್ದೆಪ್ಪ ಮುಖ ಇಳಿಬಿಟ್ಟು ಮನೆಗೆ ಬಂದ. ಕಟ್ಟೆಯ ಮೇಲೆ ಅವನ ತಾಯಿ ಹುಲಗೆಮ್ಮ ಶೇಂಗಾ ಸುಲಿಯುತ್ತ ಓಣಿಯ ಮಕ್ಕಳಿಗೆ ಕತೆ ಹೇಳುತ್ತಿದ್ದಳು. ರಾಜನ ಮಗಳು ಕೊಡ ಹೊತ್ತು ಬಾವಿಗೆ ಹೋಗಿದ್ದಾಳೆ, ಮೆಟ್ಟಿಲ ಮೇಲೆ ಹುಲಿ ಕೂತಿದೆ. ಮಕ್ಕಳು ಉಸಿರು ಬಿಗಿಹಿಡಿದಿದ್ದವು.

"ತಿಂತದೇನಬೇ?" ಎಂದು ಒಂದು ಹುಡುಗಿ ಕೇಳಿತು.

"ಎಲ್ಲಿ ತಿಂತದ? ಅದು ಆಕಿ ಅಣ್ಣ, ಶಾಪದಾಗ ಹುಲಿ ಆಗ್ಯಾನ," ಎಂದುಬಿಟ್ಟ ಗದ್ದೆಪ್ಪ.

ಮಕ್ಕಳು ಮುಖ ಮುಖ ನೋಡಿಕೊಂಡು, ಲಂಗ ಚಡ್ಡಿ ಕೊಡವಿಕೊಂಡು ಎದ್ದು ಹೋದವು. ಹುಲಗೆಮ್ಮ ಕೈಯಲ್ಲಿದ್ದ ಶೇಂಗಾ ಅವನ ಮೇಲೆ ಎಸೆದಳು.

"ಕತಿ ಕುತ್ತಿಗಿ ಹಿಚುಕಿದೆಲ್ಲೋ ಮೂಳ!"

"ನಿನಗೂ ಗೊತ್ತಿತ್ತಲ್ಲಬೇ?"

"ನನಗ ಗೊತ್ತು, ಹುಲಿಗೆ ಗೊತ್ತದೇನು? ಕತಿ ಹೇಳವರು ಹುಲಿ ಜೋಡಿ ನಡೀಬೇಕು, ಅದರ ಮುಂದ ಓಡಬಾರದು. ಇಷ್ಟು ವರ್ಷ ಹೇಳಿದ್ರೂ ಬಾವಿ ಹತ್ರ ಬಂದಾಗ ನನಗೇ ಅಂಜಿಕಿ ಆಗ್ತದ. ಈ ಸಲ ತಿಂದುಗಿಂದ್ರ ಏನ್ ಮಾಡ್ಲಿ ಅಂತ."

ಮಾನ್ವಿಯ ಕಣದಲ್ಲಿ ಗದ್ದೆಪ್ಪ ಹುಲಿಯ ಜೋಡಿಯೇ ನಡೆದ. ಬೆವರು ಕಂಡರೆ ಬೆವರೆಂದ, ಮಣ್ಣು ಹಾರಿದರೆ ಮಣ್ಣೆಂದ. ಜನ ಬೀಡಿ ಆರಿದ್ದೂ ಮರೆತು ಕೇಳಿದರು. ಕೊನೆಯ ಜೋಡಿ ಇಳಿಯಿತು: ನೀರಮಾನ್ವಿಯ ತಾಯಣ್ಣ, ಇನ್ನೂ ಮೀಸೆ ಸರಿಯಾಗಿ ಮೂಡದವನು. ಎದುರಿಗೆ ಗಿಲ್ಲೆಸುಗೂರಿನ ಬೂದೆಪ್ಪ, ಬಂಡೆಯಂಥವನು.

ಬೂದೆಪ್ಪನ ಬಲಭುಜ ಎಳ್ಳಿನಷ್ಟು ಇಳಿಯಿತು.

ಗದ್ದೆಪ್ಪನ ಎಡ ಮೊಣಕಾಲು ಚುಳ್ ಎಂದಿತು. ಅವನ ಕಾಲು ಮುರಿದದ್ದು ಇದೇ ಪಟ್ಟು. ಈಗ ಬೂದೆಪ್ಪ ಬಗ್ಗಿ ಪಾದ ಹಿಡಿದು ಹೊರಗೆ ತಿರುವುತ್ತಾನೆ. ಅಂದು ರಾಯಚೂರಿನಲ್ಲಿ ಗದ್ದೆಪ್ಪ ಕಾಲು ಎಳೆದುಕೊಂಡಿದ್ದ, ಒಂದು ಕ್ಷಣ ತಡವಾಗಿತ್ತು. ಆ ಒಂದು ಕ್ಷಣವನ್ನು ಎಂಟು ವರ್ಷ ಶಪಿಸಿದ್ದ. 'ಕಾಲು ಎಳಕೋ ತಾಯಣ್ಣಾ!' ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ಮೈಕು ಹೋಗುತ್ತದೆ. ಹೋಗಲಿ, ಹುಡುಗನ ಕಾಲು ಉಳಿದೀತು! ಗದ್ದೆಪ್ಪ ಬಾಯಿ ತೆರೆದ.

ಅಷ್ಟರಲ್ಲಿ ಬೂದೆಪ್ಪ ಪಾದ ಹಿಡಿದೇ ಬಿಟ್ಟ.

ತಾಯಣ್ಣ ಕಾಲು ಎಳೆದುಕೊಳ್ಳಲಿಲ್ಲ. ತಗೋ ಎಂಬಂತೆ ಬಿಟ್ಟುಕೊಟ್ಟ. ತಿರುವಿದ ಕಡೆಗೇ ತಾನೂ ಉರುಳಿದ, ಉರುಳುತ್ತ ಬೂದೆಪ್ಪನ ಕುತ್ತಿಗೆಗೆ ತೋಳು ಹಾಕಿದ. ಬಂಡೆ ಅವನ ಮೇಲಿಂದ ಹಾರಿ ಬಿದ್ದು, ಬೆನ್ನು ಮಣ್ಣಿಗೆ ಹತ್ತಿತು.

ಹುಡುಗ ಕಾಲು ಎಳೆದುಕೊಂಡಿದ್ದರೆ ಮುರಿಯುತ್ತಿತ್ತು! ಅಂದು ತಾನು ತಡಮಾಡಿರಲಿಲ್ಲ, ಎಳೆದದ್ದೇ ತಪ್ಪಾಗಿತ್ತು. ಬಾಯಲ್ಲಿದ್ದ ಮಾತು ಹೊರಬಿದ್ದಿದ್ದರೆ? ಗದ್ದೆಪ್ಪನಿಗೆ ಮೈಯೆಲ್ಲ ಬೆವರಿತು, ಆಮೇಲೆ ಎದೆಯಿಂದ ನಗು ಉಕ್ಕಿತು.

"ಯಪ್ಪಾ! ಯಪ್ಪಾ ನನ್ನಪ್ಪಾ!" ಮೈಕು ಕಿರ್ರೆಂದಿತು. "ಬೂದೆಪ್ಪ ಚಿತ್! ಹಿಂಗಾಗ್ತದಂತ ನನಗೂ ಗೊತ್ತಿರಲಿಲ್ರೀ! ನೀವು ನೋಡಿದ್ರಿ? ನಾನೂ ಈಗೇ ನೋಡಿದ್ನಿ!"

ಜನ ರುಮಾಲು ತೂರಿದರು. ಜಿಲಾನಿ ಪಾಷಾ ಓಡಿಬಂದು, "ಮೆಲ್ಲಗ ಪೈಲ್ವಾನ್, ನನ್ನ ಸ್ಪೀಕರ್ ಹರೀತದ!" ಎಂದು ಅವನನ್ನೇ ತಬ್ಬಿಕೊಂಡ. ಹಂಪಯ್ಯ ಮಾತ್ರ ಮೀಸೆಯೊಳಗೇ ನಕ್ಕು, "ಕಾರಹುಣ್ಣಿಮಿಗೆ ರಾಯಚೂರಾಗ ದೊಡ್ಡ ಕುಸ್ತಿ ಅದ. ಗಂಟಲು ಜ್ವಾಪಾನ ಮಾಡ್ಕೋ," ಎಂದ.

ರಾಯಚೂರು. ಅದೇ ಕಣ. ಗದ್ದೆಪ್ಪ ಮೊಣಕಾಲು ಸವರಿಕೊಂಡು ತಲೆಯಾಡಿಸಿದ.

ಮರುದಿನ ಮೊದಲ ಬಸ್ಸಿಗೆ ಅವನು ಊರಿಗೆ ಬಂದಾಗ ಹುಲಗೆಮ್ಮ ಕಟ್ಟೆಯ ಮೇಲೇ ಇದ್ದಳು. ಓಣಿಯ ಮಕ್ಕಳು ಅವನನ್ನು ಕಂಡು ಮುಖ ತಿರುಗಿಸಿದವು.

"ಏನಾತೋ? ಯಾರು ಗೆದ್ರು?"

ಗದ್ದೆಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ತಾಯಿಯ ಮೊರದಿಂದ ಒಂದು ಶೇಂಗಾ ತೆಗೆದು ನಿಧಾನವಾಗಿ ಒಡೆದ.

"ಅವಸರ ಮಾಡಬ್ಯಾಡಬೇ. ನೀರಮಾನ್ವಿಯಾಗ ಒಬ್ಬ ಹುಡುಗ ಇದ್ದ..."

ತಿರುಗಿದ್ದ ಮುಖಗಳು ಒಂದೊಂದಾಗಿ ಇತ್ತ ಹೊರಳಿದವು.