ಮೊರಬದಾಕಿ

ಜನತಾ ಮನೆಗಳ ಯಾದಿಯಲ್ಲಿ ಶಿವಗಂಗವ್ವ ಎಂಬ ಹೆಸರು ಕಂಡದ್ದೇ ತಡ, ವೆಂಕಣ್ಣ ಮಾಸ್ತರರು ಪೆನ್ನು ಕೆಳಗಿಟ್ಟರು. ಯಾದಿಯಲ್ಲಿರುವವರೆಲ್ಲ ಕರಿಹಾಳದವರೇ ಎಂದು ಸೈ ಮಾಡುವ ಕೆಲಸ ಅವರದು. ಮದುವೆಯಾಗಿ ಬಂದು ಇಪ್ಪತ್ತಾರು ವರ್ಷವಾದರೂ ಈ ಹೆಂಗಸು ಎಲ್ಲರ ಬಾಯಲ್ಲಿ ‘ಮೊರಬದಾಕಿ’. ಸೊಸೆಯರನ್ನು ತವರೂರಿನ ಹೆಸರು ಹಿಡಿದು ಕರೆಯುವುದು ಅಲ್ಲಿನ ರೂಢಿ, ಅದು ಸರಿ. ಆದರೆ ಗಂಡ ತೀರಿಕೊಂಡು, ಯಾರದೋ ದನದ ಕೊಟ್ಟಿಗೆಯಲ್ಲಿ ಕಾಲ ಹಾಕುತ್ತಿರುವ ಈಕೆ ಮೊರಬದಲ್ಲೂ ಒಂದು ಅರ್ಜಿ ಹಾಕಿಲ್ಲವೆಂದು ಯಾರು ಬಲ್ಲರು? ಅಂಗಡಿಯಲ್ಲಿ ತೂಗಿಸಿ ತಂದ ಬೆಲ್ಲವನ್ನು ಮನೆಯಲ್ಲಿ ಮತ್ತೆ ತೂಗುವ ಜೀವ ಮಾಸ್ತರರದು.

ಬರುವ ಯುಗಾದಿಗೆ ಕೊಟ್ಟಿಗೆಯನ್ನೂ ಬಿಡಬೇಕು, ಪಾಪ, ಸೈ ಮಾಡಿರಿ ಎಂದರು ಪಂಚಾಯ್ತಿ ಚೇರ್ಮನ್ ಶಂಕ್ರಪ್ಪ. ಮಾಸ್ತರರು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವರು. ಚಹಾ ಆರಿ ಹೋಗುವ ತನಕ ಜರ್ಮನಿಯ ಹಳೆಯ ಊರುಗಳ ಕಥೆ ಹೇಳಿದರು. ಅಲ್ಲಿ ಒಬ್ಬರಿಗೆ ಒಂದೇ ಊರಿನ ಹಕ್ಕಂತೆ. ಮದುವೆಯಾದವಳು ಗಂಡನ ಊರಿನವಳಂತೆ. ಬಡತನ ಬಂದರೆ ಆ ಊರೇ ಸಾಕಬೇಕು, ಹಕ್ಕಿಲ್ಲದವರನ್ನು ಗಡಿ ದಾಟಿಸಿ ಬರುತ್ತಿದ್ದರಂತೆ.

“ಆ ಲೆಕ್ಕದಾಗ ಆಕಿ ನಮ್ಮಾಕಿನ ಆದ್ಳಲ್ರಿ,” ಎಂದರು ಶಂಕ್ರಪ್ಪ.

ತಮ್ಮ ಕಥೆ ತಮಗೇ ತಿರುಗಿದ್ದಕ್ಕೆ ಮಾಸ್ತರರಿಗೆ ಸಿಟ್ಟು ಬಂತು. ಮರುದಿನ ರಜೆ ಹಾಕಿ ಮೊರಬದ ಬಸ್ಸು ಹತ್ತಿದರು.

ಅಲ್ಲಿ ಶಿವಗಂಗವ್ವ ಎಂದರೆ ಯಾರಿಗೂ ಗುರುತು ಹತ್ತಲಿಲ್ಲ. ಕಡೆಗೆ ಒಬ್ಬ ಮುದುಕಿ, ಕರಿಹಾಳಕ್ಕೆ ಕೊಟ್ಟವಳೇನು ಎಂದು ಕೇಳಿ, ಆಕೆಯ ಅಣ್ಣ ಹೊಳೆಪ್ಪನ ಮನೆ ತೋರಿಸಿದಳು. ಹೊಳೆಪ್ಪ ಕೂಡ್ರಿ ಎನ್ನುವ ಮೊದಲೇ, ಹೊಲದಲ್ಲಿ ಪಾಲು ಕೇಳಲು ಕಳಿಸಿದ್ದಾಳೇನು ಎಂದು ಸಂಶಯದಿಂದ ನೋಡಿದ.

“ಆಕಿ ನಿಮ್ಮೂರಾಕಿರಿ. ಇಲ್ಲಿ ಆಕಿದು ಏನೂ ಇಲ್ಲ.”

ಕುಡಿಯಲು ನೀರೂ ಸಿಗಲಿಲ್ಲ. ಅಲ್ಲಿನ ಪಂಚಾಯ್ತಿಯ ಯಾದಿಯನ್ನು ಎರಡು ಸಲ ನೋಡಿದರು. ಆಕೆಯ ಹೆಸರಿರಲಿಲ್ಲ. ಬಸ್ಸಿನಲ್ಲಿ ಮರಳಿ ಬರುವಾಗ ಮಾಸ್ತರರಿಗೆ ನಿಜಕ್ಕೂ ನಾಚಿಕೆಯಾಯಿತು.

ಸಂಜೆ ಕೊಟ್ಟಿಗೆಯ ಮುಂದೆ ನಿಂತೇ ಆಕೆಯ ಅರ್ಜಿಯಲ್ಲಿ ಖಾಲಿ ಉಳಿದದ್ದನ್ನು ತುಂಬಿದರು. ಸ್ವಂತ ಊರು ಎಂಬಲ್ಲಿ ಕರಿಹಾಳ ಎಂದು ಬರೆದು, ಸೈ ಮಾಡಿ, ಅಕ್ಷರ ಬಾರದ ಆಕೆಗೆ ಗಟ್ಟಿಯಾಗಿ ಓದಿ ಹೇಳಿದರು. ಶಿವಗಂಗವ್ವನ ಮುಖದಲ್ಲಿ ಖುಷಿ ಕಾಣಲಿಲ್ಲ.

“ಮೊರಬಕ್ಕ ಹೋಗಿದ್ರಂತ?”

ಮಾಸ್ತರರು ಹೌದೆಂದರು.

“ನಾ ಇಲ್ಲಿ ಇರ್ತೀನೋ ಇಲ್ಲೋ ಅಂತ ಕೇಳಾಕ ಅಷ್ಟ ದೂರ ಹೋದ್ರಿ. ಬಾಜೂ ಮನಿಯಾಗ ಕೇಳಿದ್ರ ಸಾಕಿತ್ತಲ್ರಿ.”

ಆಕೆ ಮಾಸ್ತರರ ಕೈಯಿಂದ ಕಾಗದ ಇಸಿದುಕೊಂಡು, ಬೀದಿ ದಾಟಿ, ದರ್ಜಿ ಮಹಬೂಬಸಾಬನ ಹೊಲಿಗೆ ಯಂತ್ರದ ಮೇಲೆ ಹರವಿದಳು.

“ಇದರಾಗ ಏನ್ ಬರದಾರ, ಓದಿ ಹೇಳು ತಮ್ಮಾ.”

ಮಹಬೂಬಸಾಬ ಯಂತ್ರ ನಿಲ್ಲಿಸಿ, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದ. ಮಾಸ್ತರರು ಕೊಟ್ಟಿಗೆಯ ಮುಂದೆಯೇ, ಪೆನ್ನಿನ ಮುಚ್ಚಳ ಹಾಕದೆ, ಅವನು ಓದಿ ಮುಗಿಸುವುದನ್ನು ಕಾಯುತ್ತ ನಿಂತರು.