ನೆನೆಸದ ಬಟ್ಟೆ

ಈ ಕಥೆಯನ್ನು ಮೊದಲು ಹೇಳಿದವಳು ಗುಂಡಿ-ದಾರದ ಅಂಗಡಿಯ ಅಜ್ಜಿ. ಕಳೆದ ಚಳಿಗಾಲದ ಒಂದು ಸಂಜೆ, ಹೊಲಿಗೆ ತರಗತಿ ಮುಗಿದ ಮೇಲೆ, ಕಲಿಯಲು ಬಂದಿದ್ದ ಹೆಂಗಸರಿಗೆ. ಕೇಳಿದಂತೆಯೇ ಇಲ್ಲಿ ಬರೆದಿದೆ.

ಒಬ್ಬ ದರ್ಜಿಯಿದ್ದ. ಹೊಸ ಬಟ್ಟೆಯ ಚೂರೊಂದನ್ನು ನೆನೆಸಿ, ಒಣಗಿಸಿ, ಎಷ್ಟು ಕುಗ್ಗಿತೆಂದು ನೋಡದೆ ಕತ್ತರಿ ಹಿಡಿದವನಲ್ಲ. ಗಿರಾಕಿಗಳು ಅವನನ್ನು ‘ನೆನೆಸಪ್ಪ’ ಎಂದೇ ಕರೆಯುತ್ತಿದ್ದರು.

ಅವನ ಹೆಂಡತಿಗೆ ಸ್ತನದ ಕ್ಯಾನ್ಸರ್. ಆಸ್ಪತ್ರೆಯಲ್ಲಿ ಕೀಮೋ ನಡೆಯುತ್ತಿತ್ತು. ಕೂದಲು ಉದುರಿತ್ತು, ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಷಡ್ಡಕ, ಫೋನಿನಲ್ಲಿ ನೋಡಿ ತರಿಸಿದ ಸೂಜಿಮದ್ದಿನ ಪುಟ್ಟ ಸೀಸೆಗಳನ್ನು ತಂದುಕೊಟ್ಟ.

“ಪೆಪ್ಟೈಡ್ ಅಂತೆ, ಪ್ರೋಟೀನಿನ ತುಣುಕಿಂದ ಮಾಡಿದ ಮದ್ದಂತೆ. ಕ್ಯಾನ್ಸರ್ ಬೇರು ಸಮೇತ ಹೋಗುತ್ತಂತೆ. ವಾಂತಿ ಗೀಂತಿ ಏನೂ ಇಲ್ವಂತೆ!”

ಮರುದಿನದ ಕೀಮೋ ಬೇಡವೆಂದು ದರ್ಜಿ ನಿಶ್ಚಯಿಸಿದ. ಸೂಜಿ ಚುಚ್ಚಲು, ಅವನ ಹೆಂಡತಿಯನ್ನು ಅಕ್ಕ ಎಂದೇ ಕರೆಯುತ್ತಿದ್ದ ಪಕ್ಕದ ಮನೆಯ ನರ್ಸಮ್ಮನನ್ನು ಕರೆದ. ಆಕೆ ಸೀಸೆಯನ್ನು ಬೆಳಕಿಗೆ ಹಿಡಿದಳು.

“ಭಾವ, ‘ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ’ ಅಂತ ಬರೆದಿದೆಯಲ್ಲ?”

“ಕಾನೂನಿಗೆ ಹೆದರಿ ಹಾಕಿರ್ತಾರೆ ಬಿಡಮ್ಮ. ಇಲಿಗೆ ವಾಸಿ ಆಯ್ತಂತೆ.”

“ನಮ್ಮಕ್ಕ ಇಲಿಯಲ್ಲವಲ್ಲ! ಇಲಿಗೆ ಆಗಿಬಂದದ್ದು ಎಷ್ಟೋ ಸಲ ಮನುಷ್ಯರಿಗೆ ಆಗಿಬರಲ್ಲ. ಇದರೊಳಗೆ ಏನಿದೆ, ಎಷ್ಟು ಶುದ್ಧ, ಎಷ್ಟು ಚುಚ್ಚಬೇಕು, ಯಾರಿಗೆ ಗೊತ್ತು? ಸೋಂಕಾಗಬಹುದು. ಇದನ್ನ ನಂಬಿ ಕೀಮೋ ಬಿಟ್ಟರೆ ಗಡ್ಡೆ ಬೆಳೆಯಬಹುದು.”

“ಹಾಗಾದ್ರೆ ಪೆಪ್ಟೈಡ್ ಅನ್ನೋದೆಲ್ಲ ಮೋಸವಾ?”

“ಎಲ್ಲ ಅಲ್ಲ. ಪರೀಕ್ಷೆ ದಾಟಿ ಬಂದ ಔಷಧಿಗಳೂ ಇವೆ, ಬೇಕಾದರೆ ಡಾಕ್ಟರೇ ಬರೆದುಕೊಡ್ತಾರೆ. ಹೊಸದನ್ನ ಪರೀಕ್ಷೆ ಮಾಡೋದಾದ್ರೂ ಆಸ್ಪತ್ರೆಯಲ್ಲೇ, ರೋಗಿಯ ಒಪ್ಪಿಗೆ ಕೇಳಿ, ಕಣ್ಣಿಟ್ಟು ನೋಡ್ಕೊಂಡು ಮಾಡ್ತಾರೆ. ಇದನ್ನ ಯಾರು ನೆನೆಸಿ ನೋಡಿದಾರೆ, ಭಾವ?”

ಬಾಗಿಲ ಬಳಿಯ ಬಕೆಟ್ಟಿನಲ್ಲಿ ಯಾರದೋ ಅಂಗಿಬಟ್ಟೆಯ ಚೂರು ನೆನೆಯುತ್ತಿತ್ತು. ಮಂಚದ ಮೇಲೆ ಮಲಗಿದ್ದ ಹೆಂಡತಿ ಅದನ್ನೇ ನೋಡುತ್ತ ಕೇಳಿದಳು: “ಊರವರ ಅಂಗಿಗೆ ಚೂರು ನೆನೆಸ್ತೀರಿ. ಈ ಸೀಸೆಗೆ ಆ ಚೂರು ನಾನೇನಾ?”

ದರ್ಜಿ ಸೀಸೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಟ್ಟ.

ಮರುದಿನ ಇಬ್ಬರೂ ಸೀಸೆಗಳ ಸಮೇತ ಆಸ್ಪತ್ರೆಗೆ ಹೋದರು. ಡಾಕ್ಟರು ಬಯ್ಯಲಿಲ್ಲ, ಸೀಸೆಗಳನ್ನು ತೆಗೆದಿಟ್ಟುಕೊಂಡು, ವಾಂತಿ ತಡೆಯುವ ಮಾತ್ರೆ ಬದಲಿಸಿ, ಕೀಮೋ ಮುಂದುವರಿಸಿದರು. ಆ ವಾರವೇ ಒಂದು ಸಂಜೆ ಅರ್ಧ ಲೋಟ ಹಾಲು ಅವಳ ಹೊಟ್ಟೆಯಲ್ಲಿ ನಿಂತಿತು. ಷಡ್ಡಕ ಮುಂದಿನ ಸಲ ಹಣ್ಣು ತಂದ.

“ಅವಳಿಗೆ ವಾಸಿ ಆಯ್ತಾ, ಅಜ್ಜಿ?” ಎಂದಳು ಕಥೆ ಕೇಳುತ್ತಿದ್ದ ಹೆಂಗಸರಲ್ಲೊಬ್ಬಳು.

“ಚಿಕಿತ್ಸೆ ನಡೀತಿದೆ ತಾಯಿ, ಸುಳ್ಳು ಯಾಕೆ ಹೇಳಲಿ? ನಿಮ್ಮನೆಗೂ ಯಾರಾದ್ರೂ ಇಂಥ ಸೀಸೆ ತಂದರೆ ಚುಚ್ಚಿಸ್ಕೋಬೇಡಿ, ನಡೀತಿರೋ ಚಿಕಿತ್ಸೆ ನಿಲ್ಲಿಸಬೇಡಿ. ಡಾಕ್ಟರ ಮುಂದೆ ಇಟ್ಟು ಕೇಳಿ. ಆಗಲೇ ಚುಚ್ಚಿಸ್ಕೊಂಡಿದ್ರೂ ನಾಚಿಕೆ ಪಟ್ಟು ಮುಚ್ಚಿಡಬೇಡಿ.”

ಓದುವ ನಿಮಗೂ ಅಜ್ಜಿಯ ಮಾತು ಇಷ್ಟೇ. ಹೆಂಗಸರು ಕತ್ತರಿಗಳನ್ನು ಚೀಲಕ್ಕೆ ಹಾಕಿ, ಮಡಿಲಿನ ದಾರದೆಳೆಗಳನ್ನು ಕೊಡವಿಕೊಂಡು, ಎದ್ದು ಮನೆಗೆ ಹೊರಟರು.