ಹೆಸರು ಹೇಳದ ಮನೆ

"ಅಕ್ಕಾರ, ನಿಮ್ಮ ಮಗಳು ತೀರಿಕೊಂಡಾಳಂತ ತೋರಸಾಕತ್ತೈತ್ರಿ," ಎಂದ ಉಮೇಶ, ಪರದೆಯಿಂದ ಕಣ್ಣು ಕೀಳದೆ.

ಪದ್ಮಶ್ರೀ ಪಕ್ಕಕ್ಕೆ ತಿರುಗಿ ನೋಡಿದಳು. ತೀರಿಕೊಂಡವಳು ಸ್ಟೂಲಿನ ಮೇಲೆ ಕೂತು, ಕಾಲು ಅಲ್ಲಾಡಿಸುತ್ತ ಕರದಂಟು ತಿನ್ನುತ್ತಿದ್ದಳು. ಗಲ್ಲದ ತುಂಬ ಬೆಲ್ಲದ ಅಂಟು. ತುಟಿ ಮಾತ್ರ ಎಂದಿನಂತೆ ತುಸು ನೀಲಿ.

"ಏನ್ ಮಾತಾಡ್ತೀರಿ? ಕಣ್ಣ ಮುಂದ ಕುಂತಾಳಲ್ರೀ!"

"ನಾ ಹೇಳಾಕತ್ತಿಲ್ರಿ. ಕಂಪ್ಯೂಟರ್ ಹೇಳಾಕತ್ತೈತಿ."

ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿರುವ ಈ ಕಂಪ್ಯೂಟರ್ ಅಂಗಡಿಗೆ ಅವಳು ಕೊಣ್ಣೂರಿನಿಂದ ಮಗುವನ್ನು ಕಟ್ಟಿಕೊಂಡು ಬಂದದ್ದು ಇದೇ ಮೊದಲಲ್ಲ. ಮೊದಲು ಬಂದಾಗ ಸರ್ವರ್ ಇರಲಿಲ್ಲ. ಮತ್ತೆ ಬಂದರೆ ಸರ್ವರ್ ಇತ್ತು, ಕರೆಂಟ್ ಇರಲಿಲ್ಲ. ಅದರ ಮುಂದಿನ ಸಲ ಎರಡೂ ಇದ್ದವು, ಉಮೇಶನೇ ಇರಲಿಲ್ಲ. ಯಾರದೋ ಮದುವೆಯೆಂದು ಹುಕ್ಕೇರಿಗೆ ಹೋಗಿದ್ದ. ಇವತ್ತು ದೇವರ ದಯದಿಂದ ಎಲ್ಲವೂ ಇದ್ದವು ಅನ್ನುವಷ್ಟರಲ್ಲಿ ಮಗಳೇ ಇಲ್ಲವಂತೆ.

ಮಗುವಿನ ಹೃದಯದಲ್ಲಿ ರಂಧ್ರವಿತ್ತು. ಬೆಳಗಾವಿಯ ಡಾಕ್ಟರು, ಸೋಮವಾರ ಕರೆದುಕೊಂಡು ಬನ್ನಿ, ಭರ್ತಿ ಮಾಡಿಕೊಳ್ಳುತ್ತೇವೆ, ಸರಕಾರದ ಆರೋಗ್ಯ ಕಾರ್ಡ್ ಇದ್ದರೆ ಆಪರೇಶನ್ನಿಗೆ ನೀವೇನೂ ಕೊಡಬೇಕಾಗಿಲ್ಲ ಎಂದಿದ್ದರು. ಆ ಕಾರ್ಡ್ ಆಗಬೇಕಾದರೆ ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರಿರಬೇಕು. ಇತ್ತು ಕೂಡ. ಅವಳೇ ಸೇರಿಸಿದ್ದಳು.

ಉಮೇಶ ಪರದೆಯನ್ನು ಅವಳ ಕಡೆ ತಿರುಗಿಸಿದ. "ಇಲ್ನೋಡ್ರಿ. ಕೆಂಚವ್ವ ಅಂತ ಇಬ್ಬರಿದ್ರು. ಒಬ್ಬಾಕಿ ಮುದುಕಿ, ಒಬ್ಬಾಕಿ ಕೂಸು. ಹ್ವಾದ ವರ್ಷ ಯಾರೋ ಕೂಸಿನ್ನ ತಗಸ್ಯಾರ. ಮುದುಕಿ ಗಟ್ಟಿಮುಟ್ಟ ಅದಾರ, ಮ್ಯಾಲ ಮನಿ ಮುಖ್ಯಸ್ಥರೂ ಅವರ."

ಕಂಪ್ಯೂಟರಿನಲ್ಲಿ ಗಟ್ಟಿಮುಟ್ಟಾಗಿದ್ದ ಅತ್ತೆ ಮೊಮ್ಮಗಳು ಹುಟ್ಟುವ ಮೊದಲೇ ತೀರಿಹೋಗಿದ್ದಳು. ಅವಳೇ ತಿರುಗಿ ಬಂದಳೆಂದು ಮನೆಯವರು ಕೂಸಿಗೆ ಅವಳ ಹೆಸರನ್ನೇ ಇಟ್ಟರು. ಪದ್ಮಶ್ರೀ ಬೇಡವೆನ್ನಲಿಲ್ಲ. ಆದರೆ ಅತ್ತೆಯ ಹೆಸರು ಹಿಡಿದು "ಏ, ಉಣ್ಣಾಕ ಬಾ" ಎಂದು ಕೂಗುವುದುಂಟೇ? ಸಿಟ್ಟು ಬಂದಾಗ ಆ ಹೆಸರು ಹೇಳಿ ಬೆನ್ನಿಗೊಂದು ಕೊಡುವುದುಂಟೇ? ಹೀಗಾಗಿ ಮಗು ಕಾಗದದಲ್ಲಿ ಕೆಂಚವ್ವ, ಮನೆಯಲ್ಲಿ ಶಿವಾನಿ ಆಯಿತು. ಅತ್ತೆ ಇದ್ದಾಗಲೂ ಹೋದ ಮೇಲೂ ಪದ್ಮಶ್ರೀ ಆ ಹೆಸರನ್ನು ನಾಲಿಗೆಯ ಮೇಲೆ ತಂದವಳಲ್ಲ.

ಸಂಜೆ ಮನೆಗೆ ಬಂದವಳೇ ಕಟ್ಟೆಯ ಮೇಲೆ ಕೂತಿದ್ದ ಮಾವ ಶಿದ್ಲಿಂಗಪ್ಪನ ಎದುರು ರೇಷನ್ ಕಾರ್ಡ್ ಹಿಡಿದಳು.

"ಮಾವಾರ, ಹ್ವಾದ ವರ್ಷ ಇದರಾಗ ಯಾರ ಹೆಸರ ತಗಸೀರಿ?"

"ನಮ್ಮಾಕಿದು. ಸತ್ತವರದು ತಗಸ್ರಿ ಅಂತ ರೇಷನ್ ಅಂಗಡ್ಯಾಂವ ಗಂಟ ಬಿದ್ದಿದ್ನಲ್ಲ."

"ಹೆಸರ ಹೇಳಿದ್ರಿ?"

ಮುದುಕ ಸೊಸೆಯನ್ನು ಏನೋ ಕೇಳಬಾರದ್ದು ಕೇಳಿದವಳನ್ನು ನೋಡಿದಂತೆ ನೋಡಿದ. "ಹೆಂಡತಿ ಹೆಸರ ನಾಕ ಮಂದ್ಯಾಗ ಹೆಂಗ ಹೇಳೂದವ್ವಾ? ಬೊಟ್ಟ ಮಾಡಿ ತೋರಿಸಿದೆ. ಇದನ್ನ ತಗೀರಿ ಅಂದೆ."

ಅಕ್ಷರ ಬಾರದ ಮುದುಕನ ಬೊಟ್ಟು ಮೊಮ್ಮಗಳ ಹೆಸರಿದ್ದ ಕೆಳಗಿನ ಸಾಲಿನ ಮೇಲೆ ಬಿದ್ದಿತ್ತು. ಸತ್ತವಳ ಪಾಲಿನ ಅಕ್ಕಿ ಬರುತ್ತ, ಇದ್ದವಳದು ನಿಂತಿತ್ತು. ಒಟ್ಟು ಅಕ್ಕಿ ಸರಿಯಾಗಿಯೇ ಇದ್ದುದರಿಂದ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪದ್ಮಶ್ರೀಗೆ ಮೈಯೆಲ್ಲ ಉರಿದುಹೋಯಿತು. ಸಂಕೇಶ್ವರದ ಫ್ಯಾಕ್ಟರಿಯಲ್ಲಿ ಪಾಳಿಯಲ್ಲಿದ್ದ ಗಂಡ ಗಜಾನನನಿಗೆ ಫೋನ್ ಹಚ್ಚಿದರೆ ಅವನು, "ಅಪ್ಪಗ ಏನೂ ಅನಬ್ಯಾಡ, ವಯಸ್ಸಾಗೇತಿ," ಎಂದು ಇಟ್ಟುಬಿಟ್ಟ. ಅವನದೂ ಒಂದು ಉಪಕಾರ!

ಮರುದಿನ ಮಾವನನ್ನೂ ಮಗಳನ್ನೂ ಕರೆದುಕೊಂಡು ಗೋಕಾಕದ ತಾಲೂಕು ಕಚೇರಿಗೆ ಹೋದಳು. ಒಂದು ಟೇಬಲ್ಲಿನವರು ಇನ್ನೊಂದು ಟೇಬಲ್ ತೋರಿಸಿದರು, ಅಲ್ಲಿದ್ದವರು ಊಟಕ್ಕೆ ಹೋಗಿದ್ದರು. ಕೊನೆಗೆ ಸುಮನ್ ಎಂಬ ಹೆಣ್ಣುಮಗಳು ಬೊಟ್ಟಿನ ಕತೆಯನ್ನೆಲ್ಲ ಕೇಳಿ, ಕಾಗದ ಕೈಗೆ ತೆಗೆದುಕೊಂಡಳು.

"ಮೊದಲ ಹಿರಿಯಾರ ಹೆಸರ ತಗೀಬೇಕು, ಆಮ್ಯಾಲ ಸಣ್ಣಾಕಿದು ಸೇರಸಬೇಕು. ಮುಖ್ಯಸ್ಥರ ಹೆಸರ ತಗಿಯಾಕ ಮುಖ್ಯಸ್ಥರದ ಹೆಬ್ಬೆಟ್ಟ ಬೇಕ್ರಿ."

"ಮುಖ್ಯಸ್ಥರ ಸತ್ತಾರ್ರಿ."

"ಅದಕ್ಕ ತಗಿಯಾಕ ಹೆಬ್ಬೆಟ್ಟ ಬೇಕು."

"ಎಲ್ಲಿಂದ ತರ್ಲಿ? ಹೊಲದಾಗಿನ ಗದ್ದಿಗಿ ಅಗದು ತರ್ಲೇನ್ರಿ?"

ಸುಮನ್ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಮಗುವಿನ ತುಟಿ ನೋಡಿದಳು. ಎದ್ದು ಒಳಗೆ ಹೋಗಿ ಸಾಹೇಬರನ್ನು ಕೇಳಿಕೊಂಡು ಬಂದಳು. "ಮರಣದ ದಾಖಲೆ ಕೊಡ್ರಿ, ಸಾಹೇಬ್ರ ಮುಂದ ಮನಿಯವರು ಬಾಯ್ಲೆ ಹೇಳ್ರಿ. ಸತ್ತವರು ಯಾರು, ಇದ್ದವರು ಯಾರು. ಮತ್ತ ಬೊಟ್ಟ ಮಾಡಿ ತೋರಸೂ ಹಂಗಿಲ್ಲ."

ಪದ್ಮಶ್ರೀ ತಂದಿದ್ದ ಮರಣದ ದಾಖಲೆ ನೋಡಿ ಸಾಹೇಬರು ಮುದುಕನನ್ನೇ ಕೇಳಿದರು. "ಅಜ್ಜಾ, ತೀರಿಕೊಂಡವರು ಯಾರು?"

"ನಮ್ಮಾಕಿ."

"ಹೆಸರ ಹೇಳ್ರಿ."

ಶಿದ್ಲಿಂಗಪ್ಪ ರುಮಾಲು ಸರಿಮಾಡಿಕೊಂಡ. ಕೆಮ್ಮಿದ. ಗೋಡೆ ನೋಡಿದ. ಆಮೇಲೆ ಅವನ ಬೊಟ್ಟು ಮೆಲ್ಲಗೆ ಮೇಲೆದ್ದು ಟೇಬಲ್ಲಿನ ಮೇಲಿದ್ದ ಕಾರ್ಡಿನ ಕಡೆ ಹೊರಟಿತು. ಹಾಳಾದ ಅದೇ ಬೊಟ್ಟು. ಪದ್ಮಶ್ರೀ ಕಾರ್ಡನ್ನು ಸರಕ್ಕನೆ ಎಳೆದುಕೊಂಡಳು.

"ಕೆಂಚವ್ವ!" ಎಂದಳು. ಅವಳ ದನಿ ಅವಳಿಗೇ ದೊಡ್ಡದೆನಿಸಿತು. "ನಮ್ಮತ್ತಿ ಕೆಂಚವ್ವ ಸತ್ತಾರ್ರಿ. ನನ್ನ ಮಗಳು ಕೆಂಚವ್ವ ಜೀವಂತ ಅದಾಳ. ಬರಕೋರ್ರಿ!"

ಮಾವನ ಕಡೆ ನೋಡುವ ಧೈರ್ಯ ಅವಳಿಗಾಗಲಿಲ್ಲ. ಮುದುಕನೂ ತಲೆ ಎತ್ತಲಿಲ್ಲ. ಸಾಹೇಬರು ಬರೆದುಕೊಂಡರು.

ಉಮೇಶನ ಅಂಗಡಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ದಾರಿಯುದ್ದಕ್ಕೂ ಮಾವ ನಾಲ್ಕು ಹೆಜ್ಜೆ ಹಿಂದೆಯೇ ನಡೆದುಬಂದಿದ್ದ. ಹೊರಗಿನ ಬೆಂಚಿನ ನಡುವೆ ಕೂತವನು ಹಾಗೆಯೇ ತೂಕಡಿಸತೊಡಗಿದ. ಒಳಗೆ ಉಮೇಶ ಏನೇನೋ ಒತ್ತಿ, "ಬಂತ್ರೀ ಅಕ್ಕಾರ! ಜೀವ ಬಂತು!" ಎಂದು ಕೂಗಿದ. "ಇನ್ನ ಒಂದ ಫೋಟೋ ತಗದ್ರ ಕಾರ್ಡ್ ಕೈಯಾಗ. ಕೂಸಿನ್ನ ಕರೀರಿ."

ಮಗು ಎದುರಿನ ಅಂಗಡಿಯ ಮುಂದೆ ನಿಂತು, ಕರದಂಟು ಕೊಯ್ಯುವವನನ್ನು ನೋಡುತ್ತಿತ್ತು. ಉಮೇಶ ಪರದೆ ನೋಡಿ ತಾನೇ ಕರೆದ. "ಕೆಂಚವ್ವಾ! ಏ ಕೆಂಚವ್ವಾ!" ಮಗು ತಿರುಗಲಿಲ್ಲ. ತನ್ನನ್ನಲ್ಲ ಎಂಬಂತೆ ನಿಂತಿತ್ತು.

ಶಿವಾನಿ ಎಂದರೆ ಓಡಿಬರುತ್ತಾಳೆ. ಪದ್ಮಶ್ರೀ ಬಾಯಿ ತೆರೆದವಳು ತಡೆದುಕೊಂಡಳು. ಸೋಮವಾರ ದವಾಖಾನೆಯಲ್ಲಿ ನರ್ಸು ಕರೆಯುವುದು ಕಾರ್ಡಿನ ಹೆಸರನ್ನು. ತಾನಿಲ್ಲದ ಕೋಣೆಯಲ್ಲಿ, ಆಪರೇಶನ್ ಆದ ಮೇಲೆ, ಕಣ್ಣು ತೆರೆಯೆಂದು ಆ ಹೆಸರಿನಿಂದಲೇ ಎಬ್ಬಿಸುತ್ತಾರೆ. ಆಗ ಈ ಹುಡುಗಿ ಓಗೊಡದಿದ್ದರೆ?

ಅವಳು ಬಾಗಿಲಿಗೆ ಬಂದು ನಿಂತು, ಮನೆಯಲ್ಲಿ ಉಣ್ಣಲು ಕರೆಯುವ ದನಿಯಲ್ಲೇ ಕೂಗಿದಳು.

"ಕೆಂಚವ್ವಾ, ಬಾರ ಯವ್ವಾ. ಎಷ್ಟೊತ್ತಾತು."

ಮಗು ತಾಯಿಯ ದನಿ ಕೇಳಿ ತಿರುಗಿತು. ಹೆಸರು ಯಾರದೆಂದು ತಿಳಿಯದೆ ಅಲ್ಲೇ ನಿಂತು ನೋಡಿತು.

ಬೆಂಚಿನ ಮೇಲೆ ಶಿದ್ಲಿಂಗಪ್ಪ ಆ ಹೆಸರು ಕೇಳಿ ನಿದ್ದೆಗಣ್ಣು ಬಿಟ್ಟ. ಮಗುವಿನ ಕಡೆಗಲ್ಲ, ಗಲ್ಲಿಯ ಆ ತುದಿಯ ಕಡೆ ಯಾರೋ ಬರುವವರಿದ್ದಂತೆ ನೋಡುತ್ತ, ನಡುವೆ ಕೂತಿದ್ದವನು ಒಂದು ಬದಿಗೆ ಸರಿದು, ಪಕ್ಕದಲ್ಲಿ ಜಾಗ ಮಾಡಿದ.